ಒಕ್ಕೂಟ ದೇಶದಲ್ಲಿ ಜನಮತಗಣನೆ

"ಇಷ್ಟು ವಾದವೇಕೆ? ಇಡೀ ದೇಶದ ಜನರನ್ನೇ ಒಂದು ಸಾರಿ ಕೇಳಿಬಿಟ್ಟರಾಗದೇ?" ಎಂಬ ಮಾತನ್ನು ನಾವೆಲ್ಲರೂ ಕೇಳಿರುವೆವು. ಮದುವೆಯ ಚಪ್ಪರದಲ್ಲಿಯೂ, ರೈಲುಬಂಡಿಯಲ್ಲಿಯೂ, ಮಕ್ಕಳನ್ನು ಕರೆದೊಯ್ಯಲು ಬಂದ ತಂದೆತಾಯಿಗಳು ಶಾಲೆಯ ಗೇಟಿನ ಬಳಿ ಕಾದು ನಿಂತಿರುವಾಗಲೂ, ರಾಜಕಾರಣದ ಚರ್ಚೆಯು ಬಿಸಿಯೇರಿದ ಕೂಡಲೇ ಯಾರಾದರೊಬ್ಬರು ಈ ಮಾತನ್ನಾಡಿ ಚರ್ಚೆಯ ಬಾಯಿ ಕಟ್ಟುವರು. ಕೇಳುವುದಕ್ಕೆ ಅದು ಬಹು ನ್ಯಾಯವಾಗಿಯೇ ತೋರುತ್ತದೆ. ಪ್ರಜೆಗಳೇ ಪ್ರಭುಗಳಾದ ಮೇಲೆ ಪ್ರಭುಗಳ ಅಪ್ಪಣೆಯನ್ನು ನೇರವಾಗಿ ಬೇಡುವುದರಲ್ಲಿ ತಪ್ಪೇನು? ಆದರೆ ನಮ್ಮಂತಹ ಒಕ್ಕೂಟ ದೇಶದಲ್ಲಿ ಹಾಗೆ ಕೇಳುವುದು ಸಾಧ್ಯವೇ, ಸಾಧ್ಯವಾದರೆ ಯಾವ ಕಟ್ಟಳೆಯ ಮೇಲೆ ಸಾಧ್ಯ, ಎಂಬುದನ್ನು ವಿಚಾರಿಸಿದವರು ಕಡಿಮೆ. ಪ್ರಿಯ ವಾಚಕರ ಮುಂದೆ ಇದನ್ನೇ ಇಡಬೇಕೆಂದು ನನ್ನ ಉದ್ದೇಶ.

ಒಕ್ಕೂಟ ದೇಶವೆಂದರೆ ಹಲವು ರಾಜ್ಯಗಳು ತಮ್ಮ ತಮ್ಮ ಮನೆಯಾಡಳಿತವನ್ನು ತಾವೇ ಇಟ್ಟುಕೊಂಡು, ಸೈನ್ಯ, ನಾಣ್ಯ, ಪರದೇಶಗಳೊಡನೆ ವ್ಯವಹಾರ ಮೊದಲಾದ ಸಂಗತಿಗಳಲ್ಲಿ ಒಂದೇ ಆಡಳಿತಕ್ಕೆ ಒಳಪಟ್ಟು ಕೂಡಿರುವ ದೇಶ. ಅಲ್ಲಿನ ಪ್ರತಿಯೊಬ್ಬ ಪ್ರಜೆಯೂ ಇಡೀ ದೇಶಕ್ಕೆ ಸೇರಿದವನೂ ಹೌದು, ತನ್ನ ರಾಜ್ಯಕ್ಕೆ ಸೇರಿದವನೂ ಹೌದು. ಹೀಗಿರಲು, ಎಲ್ಲರ ಮತಗಳನ್ನೂ ಒಂದೇ ಕಣದಲ್ಲಿ ಸುರಿದು ಒಂದೇ ರಾಶಿಯಾಗಿ ಅಳೆದರೆ, ದೊಡ್ಡ ರಾಜ್ಯದ ಕಾಳಿನಲ್ಲಿ ಚಿಕ್ಕ ರಾಜ್ಯದ ಕಾಳು ಕಾಣದೆ ಹೋಗುವುದು. ಬ್ರಿಟನ್ನು ಒಕ್ಕೂಟವಲ್ಲವಾದರೂ ನಾಲ್ಕು ನಾಡುಗಳು ಸೇರಿದ ದೇಶ. ೨೦೧೬ರಲ್ಲಿ ಅದು ಯೂರೋಪಿನ ಒಕ್ಕೂಟವನ್ನು ಬಿಡಬೇಕೇ ಎಂದು ಕೇಳಿ ಒಂದೇ ರಾಶಿಯಾಗಿ ಎಣಿಸಿದಾಗ, ಸ್ಕಾಟ್ಲೆಂಡಿನಲ್ಲಿ ನೂರಕ್ಕೆ ೬೨ ಮಂದಿ ಉಳಿಯಬೇಕೆಂದು ಹೇಳಿದ್ದರೂ ಅವರೂ ಹೊರಟುಹೋಗಬೇಕಾಯಿತು. ಇದನ್ನು ಕಂಡು, ಒಕ್ಕೂಟಕ್ಕೂ ದೇಶವ್ಯಾಪಿ ಜನಮತಗಣನೆಗೂ ಹೊಂದಿಕೆಯಾಗದೆಂದು ಹೇಳುವವರುಂಟು. ನಾನು ಅವರನ್ನು ಒಪ್ಪಲಾರೆ. ಹೊಂದಿಕೆಯಾಗುತ್ತದೆ, ಆದರೆ ಮತಗಳನ್ನು ಒಂದು ಸಲವಲ್ಲ, ಎರಡು ಸಲ ಎಣಿಸಬೇಕು.

ಇದಕ್ಕೆ ಮೊದಲ ಸಾಕ್ಷಿ ಸ್ವಿಟ್ಜರ್ಲೆಂಡು. ಕ್ಯಾಂಟನ್‌ಗಳೆಂದು ಕರೆಯಲ್ಪಡುವ ಅಲ್ಲಿನ ಚಿಕ್ಕ ರಾಜ್ಯಗಳೊಳಗೆ ೧೮೪೭ರಲ್ಲಿ ಅಂತರ್ಯುದ್ಧವೇ ನಡೆಯಿತು. ಕಥೋಲಿಕ ಮತದ ಏಳು ಕ್ಯಾಂಟನ್‌ಗಳು ಒಂದು ಕಡೆ, ಮಿಕ್ಕವುಗಳಲ್ಲಿ ಬಹುಪಾಲು ಮತ್ತೊಂದು ಕಡೆ. ಯುದ್ಧವು ಒಂದು ತಿಂಗಳೊಳಗಾಗಿ ಮುಗಿಯಿತು. ಮರುವರ್ಷ ರಾಜ್ಯಾಂಗವನ್ನು ಬರೆದಾಗ ಗೆದ್ದವರು ಸೋತವರನ್ನು ತುಳಿಯಲಿಲ್ಲ. ಮುಂದೆ ಈ ರಾಜ್ಯಾಂಗವನ್ನು ತಿದ್ದಬೇಕಾದರೆ ದೇಶದ ಮತದಾರರಲ್ಲಿ ಬಹುಮತವೂ ಬೇಕು, ಕ್ಯಾಂಟನ್‌ಗಳಲ್ಲಿ ಬಹುಮತವೂ ಬೇಕು ಎಂದು ಗೊತ್ತುಮಾಡಿದರು. ಆ ಕಟ್ಟಳೆಯು ಇಂದಿಗೂ ನಡೆದು ಬರುತ್ತಿದೆ. ಊರಿ ಎಂಬ ಬೆಟ್ಟದ ಕ್ಯಾಂಟನಿನ ಜನಸಂಖ್ಯೆ ೪೦,೦೦೦ಕ್ಕಿಂತ ಕಡಿಮೆ. ಜೂರಿಕ್ ಕ್ಯಾಂಟನಿನದು ೧೫ ಲಕ್ಷಕ್ಕೂ ಹೆಚ್ಚು. ಮೊದಲ ಎಣಿಕೆಯಲ್ಲಿ ಜೂರಿಕ್ ಆನೆ, ಊರಿ ಇರುವೆ; ಎರಡನೆಯ ಎಣಿಕೆಯಲ್ಲಿ ಅದಕ್ಕೂ ಒಂದು, ಇದಕ್ಕೂ ಒಂದು. ೧೮೭೪ರಿಂದೀಚೆಗೆ ಸಾಧಾರಣ ಶಾಸನಗಳನ್ನೂ ಜನರ ಮುಂದೆ ತರುವ ಹಕ್ಕುಂಟು. ಈಗಿನ ನಿಯಮದಂತೆ ೧೦೦ ದಿನಗಳೊಳಗೆ ೫೦,೦೦೦ ಮಂದಿ ಸಹಿ ಹಾಕಿದರೆ ಶಾಸನಸಭೆ ಮಾಡಿದ ಶಾಸನವು ಜನಮತಕ್ಕೆ ಬರಲೇಬೇಕು. ಆದರೆ ಅಂತಹ ಶಾಸನಕ್ಕೆ ಜನರ ಬಹುಮತವೊಂದೇ ಸಾಕು, ಕ್ಯಾಂಟನ್‌ಗಳ ಎಣಿಕೆಯಿಲ್ಲ. ಮತದಾನಕ್ಕೆ ಮೊದಲು ಸರಕಾರವು ಪ್ರಶ್ನೆಯನ್ನೂ ಎರಡು ಪಕ್ಷಗಳ ವಾದವನ್ನೂ ಅಚ್ಚುಮಾಡಿಸಿದ ಚಿಕ್ಕ ಪುಸ್ತಕವೊಂದನ್ನು ಮತದಾರರಿಗೆ ಕಳುಹಿಸಿಕೊಡುವುದು. ಇಂತಹ ಮತದಾನವು ವರ್ಷಕ್ಕೆ ಮೂರು ನಾಲ್ಕು ಸಾರಿ ನಡೆಯುವುದರಿಂದ ಅಲ್ಲಿನವರಿಗೆ ಅದು ಜಾತ್ರೆಯಲ್ಲ, ವಾರದ ಸಂತೆ.

ದೊಡ್ಡ ಗುಂಪು ಯಾವಾಗಲೂ ಚಿಕ್ಕದನ್ನು ನುಂಗುವುದೆಂಬ ಭಯವೂ ಪೂರ್ತಿ ನಿಜವಲ್ಲ. ರೊಮಾನ್ಷ್ ಎಂಬ ನುಡಿಯನ್ನಾಡುವವರು ಆ ದೇಶದಲ್ಲಿ ನೂರಕ್ಕೆ ಒಬ್ಬರೋ ಏನೋ. ೧೯೩೮ರಲ್ಲಿ ಅದನ್ನು ದೇಶದ ನಾಲ್ಕನೆಯ ರಾಷ್ಟ್ರೀಯ ಭಾಷೆಯೆಂದು ಅಂಗೀಕರಿಸಬೇಕೇ ಎಂದು ಕೇಳಿದಾಗ, ಜರ್ಮನ್ ಫ್ರೆಂಚ್ ಇಟಾಲಿಯನ್ ಆಡುವವರೇ ತುಂಬಿದ್ದ ಆ ದೇಶವು ನೂರಕ್ಕೆ ೯೦ಕ್ಕೂ ಹೆಚ್ಚು ಮತಗಳಿಂದ ಆಗಲೆಂದಿತು. ಭಾಷೆಯ ಹೆಸರಿನಲ್ಲಿ ಮನಸ್ಸು ಕಹಿಮಾಡಿಕೊಳ್ಳುವ ನಮಗೆ ಇದು ಸೋಜಿಗವೆನಿಸದೆ ಇರದು.

ಇಷ್ಟು ಹೊಗಳಿದ ಮೇಲೆ ಅದೇ ದೇಶದ ಮತ್ತೊಂದು ಕಥೆಯನ್ನು ಹೇಳದೆ ಬಿಟ್ಟರೆ ನಾನು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಬರೆಯುವ ಯೋಗ್ಯತೆಯನ್ನು ಕಳೆದುಕೊಂಡಂತೆಯೇ ಸರಿ. ಮೇಲೆ ಹೇಳಿದ ಮತದಾನಗಳಲ್ಲೆಲ್ಲ ಮತ ಹಾಕಿದವರು ಗಂಡಸರು ಮಾತ್ರ. ಹೆಂಗಸರಿಗೆ ಮತವನ್ನು ಕೊಡಬೇಕಾದರೆ ರಾಜ್ಯಾಂಗವನ್ನು ತಿದ್ದಬೇಕೆಂದು ಸರಕಾರವು ಎಣಿಸಿತು. ತಿದ್ದಬೇಕಾದರೆ ಜನಮತ ಬೇಕು. ಜನಮತವೆಂದರೆ ಗಂಡಸರ ಮತ! ೧೯೫೭ರ ಮಾರ್ಚಿಯಲ್ಲಿ, ನಾಗರಿಕ ರಕ್ಷಣೆಯ ದಳದಲ್ಲಿ ಹೆಂಗಸರೂ ಕಡ್ಡಾಯವಾಗಿ ಸೇವೆ ಮಾಡಬೇಕೆಂಬ ತಿದ್ದುಪಡಿಯು ಮತಕ್ಕೆ ಬಂದಿತು. ಹೊರೆ ಹೊರುವವರು ಹೆಂಗಸರು, ಹೊರಿಸಬಹುದೇ ಎಂದು ಕೇಳಲ್ಪಟ್ಟವರು ಗಂಡಸರು. ಆಗ ವಾಲೆ ಕ್ಯಾಂಟನಿನ ಉಂಟರ್‌ಬೇಖ್ ಎಂಬ ಬೆಟ್ಟದ ಹಳ್ಳಿಯ ಪಂಚಾಯಿತಿಯವರು ತಮ್ಮ ಊರಿನ ಹೆಂಗಸರೂ ಬಂದು ಮತ ಹಾಕಬಹುದೆಂದು ಧೈರ್ಯದಿಂದ ತೀರ್ಮಾನಿಸಿದರು. ಊರಿನ ಮುಖಂಡನ ಪತ್ನಿ ಕಥರೀನಾ ಜೆನ್‌ಹಾಯ್ಸರ್ನ್ ಎಂಬಾಕೆ ಎಲ್ಲರಿಗಿಂತ ಮುಂದಾಗಿ ಮತಪತ್ರವನ್ನು ಹಾಕಿದಳು. ಆಕೆಯ ಹಿಂದೆ ಮತ್ತೆ ೩೨ ಮಂದಿ. ಅವರ ಮತಗಳನ್ನು ಬೇರೆಯ ಪೆಟ್ಟಿಗೆಯಲ್ಲಿ ಇಡಲಾಯಿತು. ಮೇಲಿನವರು ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಲೆಕ್ಕಕ್ಕೆ ಬಾರದೆಂದು ತಿಳಿದೂ ಹೋಗಿ ಮತ ಹಾಕಿದ ಆ ೩೩ ಮಂದಿ ಹೆಂಗಸರನ್ನು ನೆನೆದಾಗಲೆಲ್ಲ, ಲೆಕ್ಕಕ್ಕೆ ಬರುವ ಮತವನ್ನಿಟ್ಟುಕೊಂಡು ಚುನಾವಣೆಯ ದಿನ ಮನೆಯಲ್ಲಿಯೇ ಕುಳಿತುಬಿಡುವ ನಮ್ಮ ಕೆಲವು ಗೆಳತಿಯರ ಮೇಲೆ ನನಗೆ ಸಿಟ್ಟು ಬರುತ್ತದೆ.

೧೯೫೯ರ ಫೆಬ್ರವರಿ ೧ರಂದು ಕೊನೆಗೂ ಪ್ರಶ್ನೆಯನ್ನು ನೇರವಾಗಿ ಕೇಳಿದರು. ಹೆಂಗಸರಿಗೆ ಮತ ಕೊಡಬಹುದೆಂದವರು ೩,೨೩,೭೨೭ ಮಂದಿ; ಕೂಡದೆಂದವರು ೬,೫೪,೯೩೯ ಮಂದಿ. ಕ್ಯಾಂಟನ್‌ಗಳಲ್ಲಿ ಒಪ್ಪಿದವು ಮೂರೇ. ನಮ್ಮ ದೇಶದಲ್ಲಿ ಓದು ಬಾರದ ರೈತ ಹೆಂಗಸೂ ೧೯೫೧-೫೨ರ ಮೊದಲ ಮಹಾ ಚುನಾವಣೆಯಲ್ಲಿಯೇ ಮತ ಹಾಕಿದ್ದಳೆಂಬುದನ್ನು ವಾಚಕರು ಇಲ್ಲಿ ನೆನೆಯಬೇಕು. ಹನ್ನೆರಡು ವರ್ಷ ಕಳೆದು ೧೯೭೧ರ ಫೆಬ್ರವರಿ ೭ರಂದು ಮತ್ತೆ ಕೇಳಿದಾಗ ಅಂಕೆಗಳು ಬಹುಮಟ್ಟಿಗೆ ತಿರುಗುಮುರುಗಾದವು: ೬,೨೧,೧೦೯ ಹೌದು, ೩,೨೩,೮೮೨ ಅಲ್ಲ. ಆದರೂ ಕ್ಯಾಂಟನಿನೊಳಗಿನ ಮತವನ್ನು ಕೊಡುವುದು ಆಯಾ ಕ್ಯಾಂಟನಿಗೇ ಬಿಟ್ಟದ್ದಾದುದರಿಂದ, ಒಳ ಅಪ್ಪೆನ್‌ಜೆಲ್ ಎಂಬ ಅರೆ ಕ್ಯಾಂಟನಿನ ಗಂಡಸರು ೧೯೯೦ರ ಏಪ್ರಿಲಿನಲ್ಲಿ ಸಹ ಊರ ಬಯಲಿನಲ್ಲಿ ಕೂಡಿ, ಕೈಯೆತ್ತಿ, ಕೂಡದೆಂದರು. ಅದೇ ವರ್ಷದ ನವೆಂಬರಿನಲ್ಲಿ ಒಕ್ಕೂಟದ ಉಚ್ಚ ನ್ಯಾಯಸ್ಥಾನವು ಅವರ ಕೈಗಳನ್ನು ಇಳಿಸಬೇಕಾಯಿತು. ಎರಡು ಸಲ ಎಣಿಸಿದ ಮಾತ್ರಕ್ಕೆ ನ್ಯಾಯವು ದೊರೆಯುವುದಿಲ್ಲ. ಪಟ್ಟಿಯಲ್ಲಿ ಯಾರ ಹೆಸರುಂಟು ಎಂಬುದನ್ನು ಎಣಿಕೆಗೆ ಮೊದಲೇ ನೋಡಬೇಕು.

ಬಾಣಂತಿಯ ವೇತನದ ಕಥೆಯೂ ಇಂತಹದೇ. ಹೆರಿಗೆಯ ಕಾಲದ ವಿಮೆಯನ್ನು ಏರ್ಪಡಿಸಬೇಕೆಂಬ ಮಾತು ೧೯೪೫ರ ಜನಮತದಿಂದಲೇ ರಾಜ್ಯಾಂಗವನ್ನು ಸೇರಿತು. ಅದನ್ನು ನಡೆಸುವ ಶಾಸನಕ್ಕೆ ಜನರು ಒಪ್ಪಿದ್ದು ೨೦೦೪ರಲ್ಲಿ. ೧೯೯೯ರಲ್ಲಿ ಸಹ ಆಗದೆಂದು ತಳ್ಳಿದ್ದರು. ೨೦೦೫ರ ಜುಲೈ ತಿಂಗಳಿಂದ ೧೪ ವಾರಗಳ ವೇತನವು ಜಾರಿಗೆ ಬಂದಿತು. ೧೯೪೫ರಲ್ಲಿ ಹುಟ್ಟಿದ ಮಗುವಿಗೆ ಅಷ್ಟು ಹೊತ್ತಿಗೆ ಅರುವತ್ತು ವರ್ಷ! ಇನ್ನು, ೨೦೧೩ರಲ್ಲಿ ಮನೆಗೆಲಸವನ್ನೂ ಹೊರಗಿನ ಉದ್ಯೋಗವನ್ನೂ ಒಟ್ಟಿಗೆ ನಡೆಸಿಕೊಂಡು ಹೋಗಲು ಕುಟುಂಬಗಳಿಗೆ ಸರಕಾರವು ನೆರವಾಗಬೇಕೆಂಬ ತಿದ್ದುಪಡಿಯು ಬಂದಾಗ ಮತದಾರರಲ್ಲಿ ನೂರಕ್ಕೆ ೫೪ಕ್ಕೂ ಹೆಚ್ಚು ಮಂದಿ ಒಪ್ಪಿದರು. ಕ್ಯಾಂಟನ್‌ಗಳ ಎಣಿಕೆಯಲ್ಲಿ ಅದು ಸೋತಿತು. ನಾನು ಹೊಗಳುತ್ತಿರುವ ಎರಡನೆಯ ಎಣಿಕೆಯೇ ಅಂದು ತಾಯಂದಿರ ಕೈಗೆ ಬಂದುದನ್ನು ತಪ್ಪಿಸಿತು. ಇದನ್ನು ಬಚ್ಚಿಟ್ಟು ವಾದಿಸುವುದು ಸರಿಯಲ್ಲ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಸೋತ ತಿದ್ದುಪಡಿಯನ್ನು ಮತ್ತೆ ತರಬಹುದು, ೧೯೫೯ರ ಸೋಲನ್ನು ೧೯೭೧ರಲ್ಲಿ ತಿದ್ದಿಕೊಂಡಂತೆ. ಒಕ್ಕೂಟದಿಂದ ಮನಸ್ಸು ಮುರಿದು ಹೊರಗೆ ನಿಂತ ರಾಜ್ಯವನ್ನು ಮತ್ತೆ ಒಳಗೆ ಕರೆತರುವುದು ಅಷ್ಟು ಸುಲಭವಲ್ಲ.

ಸ್ವಿಟ್ಜರ್ಲೆಂಡು ಬೊಗಸೆಯಷ್ಟು ದೇಶ, ಅಲ್ಲಿ ನಡೆದುದು ವಿಶಾಲವಾದ ದೇಶದಲ್ಲಿ ನಡೆದೀತೇ ಎಂದು ಕೇಳುವವರಿಗೆ ಆಸ್ಟ್ರೇಲಿಯವನ್ನು ತೋರಿಸಬಹುದು. ೧೯೦೧ರಲ್ಲಿ ಆರು ರಾಜ್ಯಗಳು ಕೂಡಿ ಆದ ಆ ದೇಶದ ರಾಜ್ಯಾಂಗದ ೧೨೮ನೆಯ ವಿಧಿಯು ಎರಡು ಎಣಿಕೆಯನ್ನೇ ವಿಧಿಸಿದೆ: ಒಟ್ಟು ಮತದಾರರಲ್ಲಿ ಬಹುಮತ, ಆರು ರಾಜ್ಯಗಳಲ್ಲಿ ನಾಲ್ಕರಲ್ಲಾದರೂ ಬಹುಮತ. ೨೦೨೩ರವರೆಗೆ ಹೀಗೆ ಕೇಳಿದ ತಿದ್ದುಪಡಿಗಳು ೪೫, ಗೆದ್ದವು ೮. ಎಲ್ಲ ರಾಜ್ಯಗಳ ಶಾಸನಸಭೆಗಳ ಚುನಾವಣೆಯ ಹಾಗಲ್ಲದೆ, ಒಕ್ಕೂಟದ ಎರಡು ಸಭೆಗಳ ಚುನಾವಣೆಯನ್ನು ಮಾತ್ರ ಒಂದೇ ದಿನ ನಡೆಸಬೇಕೆಂಬ ೧೯೭೭ರ ತಿದ್ದುಪಡಿಗೆ ನೂರಕ್ಕೆ ೬೨ರಷ್ಟು ಮತ ಬಿದ್ದಿದ್ದರೂ ಮೂರೇ ರಾಜ್ಯಗಳು ಒಪ್ಪಿದುದರಿಂದ ಅದು ಬಿದ್ದುಹೋಯಿತು. ಇದರ ಮೇಲೆ ಅಲ್ಲಿ ಗೊಣಗುವವರು ಇದ್ದಾರೆ. ಆದರೆ ಗೊಣಗಿದವರು ರಾಜ್ಯಾಂಗವನ್ನು ಹರಿದು ಹಾಕಲಿಲ್ಲ. ಆ ನೆಲದ ಮೂಲನಿವಾಸಿಗಳನ್ನು ಜನಗಣತಿಯ ಲೆಕ್ಕದಿಂದ ಹೊರಗಿಟ್ಟಿದ್ದ ಮಾತನ್ನು ತೆಗೆದುಹಾಕಲು ೧೯೬೭ರಲ್ಲಿ ಕೇಳಿದಾಗ ಆರು ರಾಜ್ಯಗಳೂ ಕೂಡಿ, ನೂರಕ್ಕೆ ೯೦ಕ್ಕಿಂತ ಹೆಚ್ಚು ಮಂದಿ ಹೌದೆಂದರು. ಅದೇ ಜನರಿಗಾಗಿ ಒಂದು ಸಲಹಾ ಮಂಡಲಿಯನ್ನು ರಾಜ್ಯಾಂಗದಲ್ಲಿ ಸೇರಿಸಬೇಕೆಂದು ೨೦೨೩ರಲ್ಲಿ ಕೇಳಿದಾಗ ಒಂದು ರಾಜ್ಯವೂ ಒಪ್ಪಲಿಲ್ಲ. ಜನಮತವೆಂಬುದು ಎಂದಿಗೂ ಒಂದೇ ದಿಕ್ಕಿಗೆ ಹರಿಯುವ ಹೊಳೆಯಲ್ಲ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಿದ ಉದಾಹರಣೆ ಕೆನಡದ್ದು. ಎರಡನೆಯ ಮಹಾಯುದ್ಧವು ಆರಂಭವಾದಾಗ, ಸಮುದ್ರದಾಚೆಯ ಯುದ್ಧಕ್ಕೆ ಯಾರನ್ನೂ ಬಲವಂತವಾಗಿ ಕಳುಹಿಸುವುದಿಲ್ಲವೆಂದು ಅಲ್ಲಿನ ಪ್ರಧಾನಿ ಮೆಕೆಂಜಿ ಕಿಂಗರು ಮಾತು ಕೊಟ್ಟಿದ್ದರು. ಆ ಮಾತನ್ನು ಮುಖ್ಯವಾಗಿ ನಂಬಿದವರು ಫ್ರೆಂಚ್ ನುಡಿಯಾಡುವ ಕ್ವಿಬೆಕ್ ಪ್ರಾಂತ್ಯದವರು. ಯುದ್ಧವು ಬಲಿತ ಮೇಲೆ, ೧೯೪೨ರ ಏಪ್ರಿಲ್ ೨೭ರಂದು, ಸರಕಾರವನ್ನು ಹಿಂದಿನ ಮಾತಿನ ಕಟ್ಟಿನಿಂದ ಬಿಡಿಸಬಹುದೇ ಎಂದು ಇಡೀ ದೇಶವನ್ನು ಕೇಳಿದರು. ಒಟ್ಟು ಎಣಿಕೆಯಲ್ಲಿ ನೂರಕ್ಕೆ ಸುಮಾರು ೬೪ ಮಂದಿ ಬಿಡಿಸಬಹುದೆಂದರು. ಎಂಟು ಪ್ರಾಂತ್ಯಗಳು ಹೌದೆಂದವು. ಕ್ವಿಬೆಕ್ ಒಂದರಲ್ಲಿ ಮಾತ್ರ ನೂರಕ್ಕೆ ೭೦ಕ್ಕೂ ಮಿಕ್ಕಿ ಮಂದಿ ಕೂಡದೆಂದರು.

ಇಲ್ಲಿ ನೋಡಿರಿ: ಎರಡು ಸಲ ಎಣಿಸಿದರೂ ಗೆಲುವು ಸರಕಾರದ್ದೇ. ಒಂಬತ್ತರಲ್ಲಿ ಎಂಟು ಪ್ರಾಂತ್ಯಗಳ ಒಪ್ಪಿಗೆಯಿರುವಾಗ ಇನ್ನೇನು ಬೇಕು? ಆದರೂ ಮನಸ್ಸಿಗೆ ಸರಿಬರುವುದಿಲ್ಲ. ಮನೆಯ ಯಜಮಾನರು ಕಿರಿಯ ಸೊಸೆಗೆ ಒಂದು ಮಾತು ಕೊಟ್ಟು, ಕಷ್ಟಕಾಲ ಬಂದಾಗ ಆ ಮಾತಿನಿಂದ ತಮ್ಮನ್ನು ಬಿಡಿಸಬೇಕೆಂದು ಮನೆಯವರನ್ನೆಲ್ಲ ಕೂಡಿಸಿ ಕೇಳಿದರೆಂದು ಇಟ್ಟುಕೊಳ್ಳೋಣ. ಅತ್ತೆಯೂ, ಹಿರಿಯ ಸೊಸೆಯರೂ, ಮೈದುನಂದಿರೂ ಬಿಡಿಸಿದೆವೆಂದರೆ ಮಾತು ಬಿಟ್ಟುಹೋದಂತಾಯಿತೇ? ಮಾತು ಪಡೆದವಳು ಬಿಡಿಸಬೇಕಲ್ಲದೆ ಪಡೆಯದವರು ಬಿಡಿಸುವುದೆಂತು? ಕಿಂಗರು ಇದನ್ನು ಅರಿತಿದ್ದರೆಂದೇ ತೋರುತ್ತದೆ. ಗೆದ್ದ ಮೇಲೆಯೂ ಅವರು ಎರಡೂವರೆ ವರ್ಷ ತಡೆದು, ೧೯೪೪ರ ನವೆಂಬರಿನಲ್ಲಿ ಬೇರೆ ದಾರಿ ಕಾಣದೆ ಬಲವಂತದ ಪಡೆಯನ್ನು ಹೊರದೇಶಕ್ಕೆ ಕಳುಹಿಸಲು ಒಪ್ಪಿದರು. ಒಕ್ಕೂಟಗಳು ಎಷ್ಟೋ ಇಂತಹ ಮಾತುಗಳ ಮೇಲೆಯೇ ನಿಂತಿರುತ್ತವೆ. ಒಂದು ರಾಜ್ಯಕ್ಕೆ, ಒಂದು ನುಡಿಗೆ, ಒಂದು ಸಮುದಾಯಕ್ಕೆ ಕೂಡಿಕೊಳ್ಳುವಾಗ ಕೊಟ್ಟ ಮಾತನ್ನು ದೇಶದ ಒಟ್ಟು ಮತದಿಂದ ಅಳಿಸಬಾರದು. ಅಂತಹ ಪ್ರಶ್ನೆಯಲ್ಲಿ ಆ ರಾಜ್ಯದ ಬಹುಮತವು ಬೇರೆಯಾಗಿ ಬೇಕೇಬೇಕು. ಸ್ವಿಸ್ ಕಟ್ಟಳೆಯಲ್ಲಿ ಸಹ ಇಷ್ಟು ಬಿಗಿಯಿಲ್ಲ. ಆದರೂ ಇದು ನನ್ನ ಖಂಡಿತವಾದ ಅಭಿಪ್ರಾಯ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಿಡಿ ರಾಜ್ಯಗಳು ಎಷ್ಟೋ ವಿಷಯಗಳನ್ನು ಜನಮತಕ್ಕೆ ಹಾಕುತ್ತವೆಯಾದರೂ ಇಡೀ ದೇಶದ ಜನಮತಗಣನೆಯು ಒಮ್ಮೆಯೂ ನಡೆದಿಲ್ಲ. ಆಕ್ರಮಣವಾದಾಗಲ್ಲದೆ ಮಿಕ್ಕ ವೇಳೆಯಲ್ಲಿ ಯುದ್ಧ ಹೂಡಬೇಕಾದರೆ ಜನರನ್ನು ಕೇಳಬೇಕೆಂದು ಲಡ್ಲೋ ಎಂಬ ಸದಸ್ಯರು ತಂದ ಸೂಚನೆಯನ್ನು ೧೯೩೮ರ ಜನವರಿಯಲ್ಲಿ ಪ್ರತಿನಿಧಿಗಳ ಸಭೆಯು ೨೦೯ಕ್ಕೆ ೧೮೮ ಮತಗಳಿಂದ ಚರ್ಚೆಗೇ ತೆಗೆದುಕೊಳ್ಳಲಿಲ್ಲ.

ನಮ್ಮ ದೇಶಕ್ಕೆ ಬರೋಣ. ೧೯೫೦ರ ನಮ್ಮ ರಾಜ್ಯಾಂಗದಲ್ಲಿ ಜನಮತಗಣನೆಗೆ ಎಡೆಯಿಲ್ಲ. ೩೬೮ನೆಯ ವಿಧಿಯಂತೆ ತಿದ್ದುಪಡಿಯನ್ನು ಮಾಡುವುದು ಪಾರ್ಲಿಮೆಂಟು; ರಾಜ್ಯಗಳ ಹಕ್ಕಿಗೆ ಸಂಬಂಧಿಸಿದ ಕೆಲವು ವಿಷಯಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು. ಅಂದರೆ ಎರಡು ಎಣಿಕೆಯ ಬುದ್ಧಿಯು ನಮ್ಮಲ್ಲಿ ಆಗಲೇ ಇದೆ; ಜನರ ಕೈಗೆ ಮಾತ್ರ ಬಂದಿಲ್ಲ. ದೇಶವೆಲ್ಲವನ್ನೂ ಕೇಳಿದುದಿಲ್ಲವಾದರೂ ಒಂದೊಂದು ಭಾಗವನ್ನು ಕೇಳಿದುದುಂಟು. ನಮ್ಮ ಕರಾವಳಿಯ ಎಷ್ಟೋ ಕೊಂಕಣಿ ಮನೆಗಳ ಪೂರ್ವಿಕರು ಬಿಟ್ಟುಬಂದ ಗೋವೆಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೇ ಎಂದು ೧೯೬೭ರ ಜನವರಿ ೧೬ರಂದು ಗೋವೆಯವರನ್ನೇ ಕೇಳಲಾಯಿತು. ಸೇರಬೇಕೆಂಬವರಿಗೆ ಹೂವಿನ ಗುರುತು, ಬೇರೆಯಾಗಿಯೇ ಇರಬೇಕೆಂಬವರಿಗೆ ಎರಡು ಎಲೆಗಳ ಗುರುತು. ಹೂವಿಗೆ ೧,೩೮,೧೭೦ ಮತಗಳು, ಎಲೆಗಳಿಗೆ ೧,೭೨,೧೯೧. ಅಂದು ಗೋವೆಯನ್ನೂ ಮಹಾರಾಷ್ಟ್ರವನ್ನೂ ಒಂದೇ ರಾಶಿಯಾಗಿ ಅಳೆದಿದ್ದರೆ ಏನಾಗುತ್ತಿತ್ತೆಂದು ಹೇಳಲು ಜ್ಯೋತಿಷ್ಯ ಬೇಡ.

ಇಡೀ ಭಾರತವನ್ನು ಕೇಳುವುದಾದರೆ ಲೆಕ್ಕವು ಹೇಗಿದ್ದೀತೆಂದು ನೋಡಿರಿ. ೨೦೧೧ರ ಜನಗಣತಿಯಂತೆ ಉತ್ತರ ಪ್ರದೇಶದಲ್ಲಿ ೧೯.೯೮ ಕೋಟಿ, ನಮ್ಮ ಕರ್ನಾಟಕದಲ್ಲಿ ೬.೧೧ ಕೋಟಿ, ಸಿಕ್ಕಿಮಿನಲ್ಲಿ ೬.೧೧ ಲಕ್ಷ ಜನರು. ಒಂದೇ ರಾಶಿಯ ಎಣಿಕೆಯಲ್ಲಿ ಉತ್ತರ ಪ್ರದೇಶದ ಮುಂದೆ ನಾವು ಮೂರರಲ್ಲೊಂದು ಪಾಲೂ ಇಲ್ಲ. ರಾಜ್ಯಗಳ ಎಣಿಕೆಯನ್ನು ಸೇರಿಸಿದರೆ ನಮಗೆ ಧೈರ್ಯ ಬರುತ್ತದೆ. ಆದರೆ ಅದೇ ಎಣಿಕೆಯಲ್ಲಿ ಸಿಕ್ಕಿಮಿನ ಒಬ್ಬನು ನಮ್ಮ ನೂರು ಮಂದಿಗೆ ಸಮನಾಗುವನು! ಉತ್ತರದವರ ಮುಂದೆ ನಾವು ಬೇಡುವ ಮರ್ಯಾದೆಯನ್ನು ಸಿಕ್ಕಿಮಿನವರಿಗೆ ನಾವು ಕೊಡಲು ಸಿದ್ಧರಿದ್ದೇವೆಯೇ? ಎರಡು ಎಣಿಕೆಯನ್ನು ಬಯಸುವ ಕನ್ನಡಿಗರು ಮೊದಲು ಇದಕ್ಕೆ ಉತ್ತರ ಹೇಳಿಕೊಳ್ಳಬೇಕು. ನಾನು ಸಿದ್ಧಳಿದ್ದೇನೆ. ನನ್ನ ಮನೆಯಲ್ಲಿಯೇ ಇದನ್ನು ಒಪ್ಪದವರಿದ್ದಾರೆ.

ತುರ್ತು ಪರಿಸ್ಥಿತಿಯು ಕಳೆದ ಮೇಲೆ, ೧೯೭೮ರಲ್ಲಿ, ಜನತಾ ಸರಕಾರವು ತಂದ ತಿದ್ದುಪಡಿಯ ಮಸೂದೆಯಲ್ಲಿ ಒಂದು ಕಲಮು ಇತ್ತು. ಪ್ರಜೆಗಳ ಮೂಲಭೂತ ಹಕ್ಕು, ನಿರ್ಬಾಧವಾದ ಚುನಾವಣೆ, ನ್ಯಾಯಸ್ಥಾನದ ಸ್ವಾತಂತ್ರ್ಯ, ಮತಗಳ ವಿಷಯದಲ್ಲಿ ಸರಕಾರದ ನಿಷ್ಪಕ್ಷಪಾತ ಇವುಗಳಿಗೆ ಧಕ್ಕೆ ತರುವ ಯಾವ ತಿದ್ದುಪಡಿಯೂ ದೇಶದ ಜನಮತದ ಒಪ್ಪಿಗೆಯಿಲ್ಲದೆ ಸಲ್ಲಕೂಡದೆಂದು ಅದು ಹೇಳಿತು. ಮತದಾರರಲ್ಲಿ ನೂರಕ್ಕೆ ೫೧ ಮಂದಿಯಾದರೂ ಮತ ಹಾಕಿರಬೇಕು, ಹಾಕಿದವರಲ್ಲಿ ಬಹುಮತ ಬರಬೇಕು ಎಂದು ಗೊತ್ತುಮಾಡಿತ್ತು. ಲೋಕಸಭೆಯು ಅದನ್ನು ಒಪ್ಪಿತು, ರಾಜ್ಯಸಭೆಯು ತಳ್ಳಿಹಾಕಿತು. ಆ ಕಲಮಿನ ಉದ್ದೇಶವು ಉತ್ತಮವಾದುದು; ಅಲ್ಪಸಂಖ್ಯಾತರಾದ ನಮ್ಮಂತಹವರಿಗಂತೂ ಆ ನಾಲ್ಕು ಸಂಗತಿಗಳು ಉಸಿರಿನಷ್ಟೇ ಬೇಕಾದವು. ಆದರೆ ಅದರಲ್ಲಿ ರಾಜ್ಯಗಳ ಎಣಿಕೆಯ ಮಾತೇ ಇರಲಿಲ್ಲ. ಎಲ್ಲವೂ ಒಂದೇ ಕಣ, ಒಂದೇ ರಾಶಿ, ಒಂದೇ ಅಳತೆ. ದೊಡ್ಡ ನಾಲ್ಕೈದು ರಾಜ್ಯಗಳು ಒಂದು ದಿನ ಆವೇಶದಿಂದ ಹೌದೆಂದುಬಿಟ್ಟರೆ, ಮಿಕ್ಕವರ ಮೂಲಭೂತ ಹಕ್ಕು ಜನಮತದ ಹೆಸರಿನಲ್ಲಿಯೇ ಹೋಗಬಹುದಾಗಿತ್ತು. ನಾನು ಅಂದು ರಾಜ್ಯಸಭೆಯ ಸದಸ್ಯಳಾಗಿದ್ದಿದ್ದರೆ ಆ ಕಲಮಿಗೆ ವಿರೋಧವಾಗಿಯೇ ಮತ ಕೊಡುತ್ತಿದ್ದೆನು. ರಾಜ್ಯ ರಾಜ್ಯವಾಗಿ ಎಣಿಸಬೇಕೆಂಬ ಒಂದೇ ಒಂದು ಸಾಲು ಅದರ ಕೊನೆಗೆ ಇದ್ದಿದ್ದರೆ, ಒಪ್ಪಿ ಕೈಯೆತ್ತುತ್ತಿದ್ದೆನು.